ಹೊಂದುವುದಿಲ್ಲ

ಅವ್ವ ಹೇಳಿ ಮುಗಿಸುವ ಮೊದಲೇ ‘ಆಯ್ತು’ ಎಂಬ ಮಾತು ಭಾಗ್ಯಲಕ್ಷ್ಮಿಯ ಬಾಯಿಂದ ಬಿದ್ದುಹೋಗಿತ್ತು. ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನ ಭತ್ತದ ಗದ್ದೆಯಲ್ಲಿ ಬೆಳಗಿನ ಆರೂವರೆಯ ತಣ್ಣನೆ ಬೆಳಕು. ಎಡಗೈಯಲ್ಲಿ ತೆನೆ, ಬಲಗೈಯಲ್ಲಿ ಚಿಮಟ, ಭುಜಕ್ಕೂ ಕಿವಿಗೂ ನಡುವೆ ಫೋನು. ಬೇರೆ ತಳಿಯ ಜೊತೆ ಕೂಡಿಸಲೆಂದು, ಇನ್ನೂ ಬಾಯಿ ಬಿಡದ ಒಂದೊಂದು ಹೂವಿನ ತುದಿಯನ್ನೂ ಓರೆಯಾಗಿ ಕತ್ತರಿಸಿ, ಒಳಗಿನ ಆರು ಪರಾಗದೆಳೆಗಳನ್ನು ನಡುವಿನ ಹೆಣ್ಣುಭಾಗಕ್ಕೆ ತಾಗದ ಹಾಗೆ ಎತ್ತಿ ತೆಗೆಯುವುದು ಅವಳ ಇಪ್ಪತ್ತು ವರ್ಷದ ಕೆಲಸ. ಒಂದು ಎಳೆ ಉಳಿದರೂ ಆ ತೆನೆಯ ತಳಿ ಕೆಟ್ಟ ಹಾಗೆ. ಇಡೀ ಫಾರಂನಲ್ಲಿ ಇಷ್ಟು ಸ್ಥಿರವಾದ ಕೈ ಇನ್ನೊಂದಿಲ್ಲ ಎಂದು ತಳಿ ವಿಭಾಗದ ಮೇಡಂ ಹೊಸಬರಿಗೆಲ್ಲ ಅವಳನ್ನು ತೋರಿಸಿ ಹೇಳುವುದಿತ್ತು. ಆ ಕೈ ಈಗ ತೆನೆಯ ಮೇಲೆ ನಿಂತುಬಿಟ್ಟಿತ್ತು. ಫೋನಿನಲ್ಲಿ ಅವ್ವ, ಮಗಳು ಒಪ್ಪಿದ್ದನ್ನು ಕೇಳಿಸಿಕೊಂಡೂ ಕೇಳಿಸಿಕೊಳ್ಳದವಳಂತೆ ಮುಂದುವರಿಸುತ್ತಿದ್ದಳು. "ಸೌಮ್ಯ ಮದ್ದೂರ್ತಾವು ಕಾಯ್ತಿರ್ತಾಳೆ, ಜೊತೇಲಿ ಕರ್ಕಂಡ್ ಬಾ. ಸೋಮಾರ ಮೈಸೂರ್ಗೆ ಓಗಿ ರಕ್ತ ಕೊಡ್ಬೇಕಲ್ಲ, ಮಗಿಗೆ ಎದ್ರಿಕೆ ಕಣೇ ಬಾಗ್ಯ. ನೀನಾದ್ರೆ ಎಲ್ಲಾನೂ ಮಾಡಿಸ್ಕಂಡು ಬಂದಿರೋಳು. ಒಸಿ ಧೈರ್ಯ ಏಳು. ನಿನ್ ಮಾತು ಅಂದ್ರೆ ಕೇಳ್ತಾಳೆ."

ಎಲ್ಲಾನೂ ಮಾಡಿಸಿಕೊಂಡು ಬಂದಿರುವವಳು. ಭಾಗ್ಯಲಕ್ಷ್ಮಿ ಫೋನನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಚಿಮಟ ಎತ್ತಿದಳು. ಮುಂದಿನ ಹೂವಿನಲ್ಲಿ ಐದು ಎಳೆ ಬಂದವು, ಆರನೆಯದು ತುಂಡಾಗಿ ಒಳಗೇ ಉಳಿಯಿತು. ಆ ಹೂವನ್ನೇ ಕಿತ್ತು ಬಿಸಾಡಿದಳು. ಅಣ್ಣ ಕನಕರಾಜುವಿನ ಎರಡೂ ಕಿಡ್ನಿ ಕೆಲಸ ನಿಲ್ಲಿಸಿ ವರ್ಷ ತುಂಬುತ್ತ ಬಂದಿತ್ತು. ವಾರಕ್ಕೆ ಮೂರು ದಿನ ಮಳವಳ್ಳಿಗೆ ಹೋಗಿ ನಾಲ್ಕು ಗಂಟೆ ಮಲಗಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅತ್ತಿಗೆ ಪುಷ್ಪಾಳ ರಕ್ತದ ಗುಂಪು ಸೇರಲಿಲ್ಲ. ಅವ್ವ ಮಹದೇವಮ್ಮನಿಗೆ ವಯಸ್ಸೂ ಆಗಿತ್ತು, ಸಕ್ಕರೆ ಕಾಯಿಲೆಯೂ ಇತ್ತು. ಆವತ್ತು ಡಾಕ್ಟರು ಮನೆಯವರನ್ನೆಲ್ಲ ಕೂರಿಸಿಕೊಂಡು, ಒಡಹುಟ್ಟಿದವರು ಯಾರಾದರೂ ಇದ್ದಾರಾ ಎಂದು ಕೇಳಿ ಬಾಯಿ ಮುಚ್ಚುವ ಮೊದಲೇ ಅವ್ವ, "ಬಾಗ್ಯ ಅವ್ಳಲ್ಲ, ಕೊಡ್ತಾಳೆ" ಅಂದಿದ್ದಳು. ಪಕ್ಕದ ಮನೆಯವರು ಜರಡಿ ಕೇಳಲು ಬಂದಾಗ, ಹಿತ್ತಿಲಲ್ಲಿದೆ ತಗೊಂಡು ಹೋಗಿ ಎನ್ನುವ ದನಿಯಲ್ಲೇ. ಭಾಗ್ಯಲಕ್ಷ್ಮಿ ಅಲ್ಲೇ ಕುರ್ಚಿಯ ಮೇಲೆ ಕೂತಿದ್ದಳು. ಅವಳೂ ತಲೆಯಾಡಿಸಿದ್ದಳು.

ಎರಡು ತಿಂಗಳು ಓಡಾಡಿದಳು. ಗುತ್ತಲಿನ ಮನೆಯಲ್ಲಿ ನಾಲ್ಕಕ್ಕೆದ್ದು ಗಂಡನಿಗೂ ಮಗಳು ಗಗನಳಿಗೂ ಬುತ್ತಿ ಕಟ್ಟಿಟ್ಟು, ಬರಿಹೊಟ್ಟೆಯಲ್ಲಿ ಮೈಸೂರಿನ ಬಸ್ಸು ಹತ್ತಿ, ಕೈ ಚಾಚಿದಲ್ಲೆಲ್ಲ ಸೂಜಿ ಚುಚ್ಚಿಸಿಕೊಂಡು, ಮಲಗು ಅಂದಲ್ಲಿ ಮಲಗಿ, ಉಸಿರು ಹಿಡಿ ಅಂದಾಗ ಹಿಡಿದು ಬಂದಳು. ಎಲ್ಲ ಸರಿ ಇದೆ, ಚೆನ್ನಾಗಿ ಹೊಂದುತ್ತದೆ ಎಂದು ಡಾಕ್ಟರು ಹೇಳಿದ ದಿನ, ಒಬ್ಬ ನಡುವಯಸ್ಸಿನ ಹೆಂಗಸು ಅವಳೊಬ್ಬಳನ್ನೇ ಒಂದು ಸಣ್ಣ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಂಡರು. ಕೋಣೆಯಲ್ಲಿ ಒಂದು ಮೇಜು, ಒಂದು ಕ್ಯಾಲೆಂಡರು, ಎರಡು ಕುರ್ಚಿ. "ನೋಡಮ್ಮ, ಇಲ್ಲಿ ನಾನು, ನೀವು ಇಬ್ಬರೇ. ನಿಮಗೆ ಕೊಡೋಕೆ ಇಷ್ಟ ಇದೆಯಾ?" ಎಂದು ಆಕೆ ಕೇಳಿದರು. ಭಾಗ್ಯಲಕ್ಷ್ಮಿ ಹೂಂ ಎನ್ನಲು ಬಾಯಿ ತೆರೆದಳು. ಬಂದದ್ದು "ಇಲ್ಲ" ಎಂಬ ಮಾತು. ಅದು ಯಾರೋ ಹಿಂದಿನಿಂದ ಆಡಿದ ಹಾಗಿತ್ತು. ತಿರುಗಿ ನೋಡುವಷ್ಟರ ಮಟ್ಟಿಗೆ ಅವಳಿಗೆ ಗಾಬರಿಯಾಯಿತು. ಆಕೆಗೆ ಆಶ್ಚರ್ಯವೇನೂ ಆಗಲಿಲ್ಲ. "ಸರಿ. ದಾನ ಮಾಡೋಕೆ ಇವರದು ಹೊಂದುವುದಿಲ್ಲ ಅಂತಷ್ಟೇ ನಿಮ್ಮ ಮನೆಯವರಿಗೆ ಹೇಳ್ತೀವಿ. ಯಾಕೆ ಅಂತ ಯಾರಿಗೂ ಹೇಳೋದಿಲ್ಲ. ನೀವೂ ಹೇಳಬೇಕಾಗಿಲ್ಲ" ಅಂದರು. ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಅವ್ವ ಸುದ್ದಿ ಕೇಳಿ ಮಗಳನ್ನು ಬಾಚಿ ತಬ್ಬಿಕೊಂಡು ಅತ್ತಿದ್ದಳು. ಅವ್ವ ಅವಳನ್ನು ಹಾಗೆ ತಬ್ಬಿಕೊಂಡದ್ದು ಬುದ್ಧಿ ತಿಳಿದ ಮೇಲೆ ಅದೇ ಮೊದಲು. ಆ ಅಪ್ಪುಗೆಯಲ್ಲಿ ಅವಳು ಕದ್ದು ಸಿಕ್ಕಿಬಿದ್ದವಳ ಹಾಗೆ ಉಸಿರು ಬಿಗಿಹಿಡಿದು ನಿಂತಿದ್ದಳು. ಸಂಜೆ ಅಣ್ಣ ಫೋನು ಮಾಡಿ, "ನೀನು ಬ್ಯಾಸ್ರ ಮಾಡ್ಕಬ್ಯಾಡ ಕಣವ್ವ. ಕೊಡಾಕೆ ಬಂದ್ಯಲ್ಲ, ನಂಗೆ ಅದೇ ಸಾಕು" ಅಂದಿದ್ದ. ಅದಕ್ಕೂ ಅವಳು ಹೂಂ ಅಂದಿದ್ದಳು. ಇದಾಗಿ ಮೂರು ವಾರ, ಈಗ ತಂಗಿ ಸೌಮ್ಯಳ ಸರದಿ.

ಹತ್ತು ಗಂಟೆಗೆ ಹೂ ಅರಳುವ ಹೊತ್ತಿಗೆ ಗದ್ದೆಯಲ್ಲಿರಲೇಬೇಕಾಗಿತ್ತು. ಬೆಳಿಗ್ಗೆ ತಯಾರು ಮಾಡಿದ ತೆನೆಗಳಿಗೆ ಪರಾಗ ಹಾಕುವ ಹೊತ್ತು ಅದು, ತಪ್ಪಿದರೆ ಬೆಳಗಿನ ಕೆಲಸವೆಲ್ಲ ದಂಡ. ಜೊತೆಯವಳಿಗೆ ಒಪ್ಪಿಸಿ, ಮೇಡಂಗೆ ಅರ್ಧ ದಿನದ ರಜೆ ಕೇಳುವಾಗ ಭಾಗ್ಯಲಕ್ಷ್ಮಿಯ ದನಿ ತಪ್ಪು ಮಾಡಿದವಳದಾಗಿತ್ತು. ಮೇಡಂ ಕನ್ನಡಕದ ಮೇಲಿನಿಂದ ನೋಡಿ, "ಈ ಮೂರು ತಿಂಗಳಲ್ಲಿ ಇದು ಐದನೇ ಸಲ ಭಾಗ್ಯಮ್ಮ. ನಿಮ್ಮ ಆರೋಗ್ಯ ಹೇಗಿದೆ ಈಗ?" ಅಂದರು. ಸುದ್ದಿ ಇಲ್ಲಿಗೂ ಬಂದಿತ್ತು. ಕಿಡ್ನಿ ಕೊಡಲು ಆಗುವುದಿಲ್ಲ ಅಂದರೆ ಒಳಗೇನೋ ಇದೆ ಎಂದು ಎಲ್ಲರೂ ಲೆಕ್ಕ ಹಾಕಿಕೊಂಡಿದ್ದರು. ಬೀದಿಯ ಹೆಂಗಸರು ಅವಳನ್ನು ನೀರಿನ ಬಿಂದಿಗೆ ಎತ್ತಲು ಬಿಡುತ್ತಿರಲಿಲ್ಲ. ಬಾಳೆದಿಂಡಿನ ರಸ ಕುಡಿ ಎಂದು ಒಬ್ಬರು, ಹುರುಳಿಕಟ್ಟು ಕುಡಿ ಎಂದು ಇನ್ನೊಬ್ಬರು. ಎಲ್ಲವನ್ನೂ ಕುಡಿದಳು. ಮನೆಗೆ ಬಂದು ಸೀರೆ ಬದಲಾಯಿಸುತ್ತಿದ್ದಾಗ ಗಂಡ ನಾಗರಾಜು ಟೀವಿಯಿಂದ ಕಣ್ಣು ತೆಗೆಯದೆ, "ಓಗ್ಲೇಬೇಕಾ?" ಅಂದ. ಓಗಬ್ಯಾಡ ಅನ್ನು, ಒಂದು ಸಲ ನೀನಾದರೂ ಅನ್ನು ಎಂದುಕೊಳ್ಳುತ್ತ ಅವಳು ಪಿನ್ನು ಕಚ್ಚಿಕೊಂಡು ನಿಂತಳು. "ನಿನ್ನಿಷ್ಟ ಬುಡು" ಅಂದ ಅವನು. ಕಿಡ್ನಿಯ ಮಾತು ಬಂದ ದಿನವೂ ಅವನು ಇದೇ ಎರಡು ಮಾತು ಆಡಿದ್ದ. ಒಳ್ಳೆಯವನೇ. ಆದರೆ ತನ್ನ ಇಷ್ಟ ಎಲ್ಲಿದೆ, ಯಾವ ಡಬ್ಬದಲ್ಲಿ ಎತ್ತಿಟ್ಟಿದೆ ಎಂದು ಹುಡುಕಲು ಅವಳಿಗೆ ತಿಳಿಯುತ್ತಿರಲಿಲ್ಲ.

ಮಂಡ್ಯದ ಬಸ್‌ ಸ್ಟ್ಯಾಂಡಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತ್ತು. ಕಂಡಕ್ಟರು ಆಧಾರ್ ನೋಡಿ ಸೊನ್ನೆ ಟಿಕೆಟ್ಟು ಹರಿದು ಕೊಟ್ಟು ಮುಂದೆ ಹೋದ. ನಿಂತಿದ್ದ ಹೆಂಗಸೊಬ್ಬಳು ಏನೂ ಕೇಳದೆ ಬದನೆಕಾಯಿ ತುಂಬಿದ ಚೀಲವನ್ನು ಅವಳ ತೊಡೆಯ ಮೇಲಿಟ್ಟು, ಎರಡೂ ಕೈಯಲ್ಲಿ ಮೇಲಿನ ಕಂಬಿ ಹಿಡಿದುಕೊಂಡಳು. ಇಂಥ ಜಾಗದಲ್ಲೆಲ್ಲ ಜನ ತನ್ನ ತೊಡೆಯನ್ನೇ ಹೇಗೆ ಹುಡುಕಿಕೊಳ್ಳುತ್ತಾರೆ? ಮುಖದ ಮೇಲೆ ಏನಾದರೂ ಬರೆದಿದೆಯೇ? ಚೀಲದ ತಳದಲ್ಲಿ ಒದ್ದೆಯಿತ್ತು. ತಣ್ಣಗೆ ಸೀರೆಗೆ ಇಳಿಯುತ್ತಿತ್ತು. ಒಂದು ಮಾತು ಆಡಬಹುದಾಗಿತ್ತು, ಕೆಳಗಿಡಿ ಎಂದರೆ ಯಾರೂ ಹೊಡೆಯುತ್ತಿರಲಿಲ್ಲ. ಅವಳು ಚೀಲ ಜಾರದ ಹಾಗೆ ಕೈ ಅಡ್ಡ ಇಟ್ಟುಕೊಂಡಳು. ಹಾಗಾದರೆ ಆ ಕೋಣೆಯಲ್ಲಿ ಇಲ್ಲ ಅಂದವಳು ಯಾರು? ಬದನೆಕಾಯಿ ಚೀಲಕ್ಕೆ ಬೇಡ ಎನ್ನಲಾರದವಳು ಅಣ್ಣನ ಜೀವಕ್ಕೆ ಬೇಡ ಅಂದುಬಿಟ್ಟಳೇ? ಕಾರಣ ಏನೆಂದು ಈ ಮೂರು ವಾರ ದಿನವೂ ತನ್ನನ್ನೇ ಕೇಳಿಕೊಂಡಿದ್ದಳು. ಗಗನ ಇನ್ನೂ ಪಿಯುಸಿ, ತನಗೇನಾದರೂ ಆದರೆ ಎಂದು ಹೇಳಿಕೊಂಡಳು. ಆದರೆ ಆ ಕೋಣೆಯಲ್ಲಿ ಗಗನಳ ನೆನಪೇ ಬಂದಿರಲಿಲ್ಲ. ಕತ್ತಿಗೆ ಹೆದರಿದೆ ಅಂದುಕೊಂಡಳು. ಅದೂ ಸುಳ್ಳು, ಹೆರಿಗೆಯಲ್ಲಿ ಹೊಟ್ಟೆ ಕೊಯ್ದಾಗ ಹೆದರಿರಲಿಲ್ಲ. ಅವ್ವ ತನ್ನನ್ನು ಕೇಳದೆ ಒಪ್ಪಿಸಿಬಿಟ್ಟಳೆಂಬ ಸಿಟ್ಟೇ? ಅಷ್ಟು ಸಣ್ಣ ಸಿಟ್ಟಿಗೆ ಒಬ್ಬನ ಪ್ರಾಣವೇ? ಯಾವ ಕಾರಣವೂ ಆ ಮಾತಿನ ತೂಕಕ್ಕೆ ಸಮ ಬರುತ್ತಿರಲಿಲ್ಲ. ಗೆಜ್ಜಲಗೆರೆ ದಾಟುವಾಗ ಹೆಂಗಸು ಬಗ್ಗಿ, "ಭಾರವಾಯ್ತೇನವ್ವ?" ಅಂದಳು. "ಇಲ್ಲ ಬುಡಿ" ಅಂದಳು ಭಾಗ್ಯಲಕ್ಷ್ಮಿ.

ಸೌಮ್ಯ ಮದ್ದೂರಿನ ಸ್ಟ್ಯಾಂಡಿನಲ್ಲಿ ಫೈಲೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದಳು. ಇಪ್ಪತ್ತೊಂಬತ್ತು ವರ್ಷ, ಮದುವೆಯಾಗಿ ಎರಡು ವರ್ಷ. ಗಂಡ ಸಂತೋಷ್ ಅಲ್ಲೇ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದ. ಇವಳು ಹುಟ್ಟಿದಾಗ ಭಾಗ್ಯಲಕ್ಷ್ಮಿಗೆ ಹದಿಮೂರು. ಅವ್ವ ಗದ್ದೆಗೆ ಹೋದ ಹೊತ್ತೆಲ್ಲ ಈ ಮಗುವನ್ನು ಸೊಂಟದ ಮೇಲೆ ಹೊತ್ತು ತಿರುಗಿ ಅವಳ ಸೊಂಟ ಒಂದು ಕಡೆಗೆ ವಾಲಿಕೊಂಡಿತ್ತೆಂದು ಮನೆಯಲ್ಲಿ ನಗುತ್ತಿದ್ದರು. ಮಳವಳ್ಳಿ ಬಸ್ಸಿನಲ್ಲಿ ಇಬ್ಬರಿಗೂ ಒಟ್ಟಿಗೆ ಜಾಗ ಸಿಕ್ಕಿತು. ಎರಡೂ ಬದಿಗೆ ಕಬ್ಬು ಹೂ ಬಿಡುತ್ತಿತ್ತು. ಕಬ್ಬಿನ ಲಾರಿಯೊಂದರ ಹಿಂದೆ ಬಸ್ಸು ನಿಧಾನವಾಗಿ ಸಾಗುತ್ತಿತ್ತು. ಸೌಮ್ಯ ಉಗುರು ಕಚ್ಚುತ್ತಿದ್ದಳು. ಈ ಉಗುರು ಕಚ್ಚುವುದನ್ನು ಬಿಡಿಸಲು ಬೇವಿನೆಣ್ಣೆ ಹಚ್ಚುತ್ತಿದ್ದವಳು ತಾನೇ. ಈ ಮಗುವಿನ ಕೊರಳಿಗೆ ಇದನ್ನು ನಾನೇ ತಂದು ಕಟ್ಟಿದೆ, ನಾನು ಜಾರಿಕೊಂಡ ಜಾಗಕ್ಕೆ ಇವಳನ್ನು ತಳ್ಳಿದೆ ಎಂದುಕೊಳ್ಳುತ್ತ ಭಾಗ್ಯಲಕ್ಷ್ಮಿ ಆ ಬೆರಳನ್ನು ಬಾಯಿಂದ ಬಿಡಿಸಿದಳು.

"ಸೌಮ್ಯ, ನಿಂಗೆ ಇಷ್ಟ ಇಲ್ಲಾಂದ್ರೆ..." ಎಂದು ಶುರು ಮಾಡಿದಳು.

"ಅದೇನಕ್ಕ ಇಷ್ಟ, ಕಷ್ಟ. ಎದ್ರಿಕೆ ಆಯ್ತದೆ ಅಷ್ಟೇಯ. ರಾತ್ರಿಯೆಲ್ಲಾ ನಿದ್ದೇನೇ ಇಲ್ಲ."

"ನಿಮ್ಮತ್ತೆ ಏನಂತಾರೆ?"

"ಅವ್ರು ಏನಂತಾರೆ... ಬುಡಕ್ಕ." ಸೌಮ್ಯ ಕಿಟಕಿಯ ಕಡೆ ಮುಖ ತಿರುಗಿಸಿದಳು.

ಭಾಗ್ಯಲಕ್ಷ್ಮಿಗೆ ಅಷ್ಟು ಸಾಕಾಯಿತು. ಮಗು ಬಾಯಿ ಬಿಟ್ಟು ಹೇಳಲಾರದೆ ಒದ್ದಾಡುತ್ತಿದೆ, ತನ್ನ ರಕ್ತವೇ ತಾನೇ, ಇವಳಿಗೂ ಬೇಡ ಎನ್ನಲು ಬರುವುದಿಲ್ಲ ಎಂದುಕೊಂಡಳು. ಹಾಗೆ ಅಂದುಕೊಂಡದ್ದೇ ಅವಳಿಗೆ ಒಂದು ಬಗೆಯ ಹಗುರ ಅನಿಸಿತು. ಇವಳನ್ನು ಉಳಿಸಬೇಕು. ಅದಕ್ಕಾದರೂ ನಿಜ ಹೇಳಬೇಕು. ಮೂರು ವಾರದಲ್ಲಿ ಮೊದಲ ಸಲ ತನ್ನ ತಪ್ಪಿಗೆ ಒಂದು ಕೆಲಸ ಸಿಕ್ಕಿದಂತಾಗಿ ಬೆನ್ನು ನೇರ ಮಾಡಿ ಕೂತಳು. ಆದರೆ ಮಳವಳ್ಳಿಯಲ್ಲಿ ಇಳಿದು ಹಲಗೂರಿನ ಬಸ್ಸಿಗೆ ಕಾಯುತ್ತಿದ್ದಾಗ ಅಣ್ಣನ ಸೈಕಲ್ಲು ಕಣ್ಣ ಮುಂದೆ ಬಂದು ನಿಂತಿತು. ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹಲಗೂರಿಗೆ ಹೋಗಬೇಕು, ಊರಿಗೆ ಬಸ್ಸಿಲ್ಲ. ಹೆಣ್ಣುಮಗಳಿಗೆ ಪರೀಕ್ಷೆ ಯಾಕೆ, ಮಗು ನೋಡಿಕೊಂಡು ಮನೆಯಲ್ಲಿರಲಿ ಎಂದು ಅವ್ವ. ಕನಕರಾಜು ಯಾರ ಮಾತನ್ನೂ ಕೇಳದೆ ಆರು ದಿನವೂ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡು ಏರು ದಾರಿಯಲ್ಲಿ ತುಳಿದಿದ್ದ. ಅವಳ ಮೂಗಿನ ಮುಂದೆ ಬೆವರಿನಲ್ಲಿ ಒದ್ದೆಯಾದ ಅವನ ಬೆನ್ನು. ಪರೀಕ್ಷೆ ಮುಗಿಯುವವರೆಗೂ ಶಾಲೆಯ ಕಾಂಪೌಂಡಿನ ಮೇಲೆ ಕೂತಿರುತ್ತಿದ್ದ. ಆ ಪಾಸಿನಿಂದಲೇ ಫಾರಂನ ಕೆಲಸ ಸಿಕ್ಕಿದ್ದು. ಕೆಟ್ಟ ಅಣ್ಣನಾಗಿದ್ದರೆ ಎಷ್ಟು ಸುಲಭವಾಗಿರುತ್ತಿತ್ತು ಎಂದು ಹಂಬಲಿಸಿ ಅವನಲ್ಲಿ ಒಂದು ದೋಷ ಹುಡುಕಿದಳು. ಒಂದು ಸಲ ಕುಡಿದು ಬಂದು ಅತ್ತಿಗೆಯ ಮೇಲೆ ಕೈ ಎತ್ತಿದ್ದ. ಅದೂ ಮಾರನೆಯ ದಿನ ಎಲ್ಲರ ಮುಂದೆ ಕ್ಷಮೆ ಕೇಳಿದ್ದ. ಸಾಲಲಿಲ್ಲ.

ಹಲಗೂರಿನಿಂದ ಆಟೋ ಹಿಡಿದು ಊರು ಮುಟ್ಟುವಾಗ ಎರಡು ಗಂಟೆ. ಮನೆಯ ಮುಂದಿನ ಚಪ್ಪರದಲ್ಲಿ ರೇಷ್ಮೆಹುಳದ ಖಾಲಿ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಕನಕರಾಜುವಿಗೆ ಆಗದ ಮೇಲೆ ಹುಳ ಸಾಕುವುದು ನಿಂತಿತ್ತು. ಅವ್ವ ಬಾಗಿಲಲ್ಲೇ ಇಬ್ಬರ ಮುಖವನ್ನೂ ಸವರಿ ನೆಟಿಕೆ ತೆಗೆದಳು. ಆದರೆ ಕೈ ಹಿಡಿದು ಒಳಗೆ ಕರೆದುಕೊಂಡು ಹೋದದ್ದು ಸೌಮ್ಯಳನ್ನು. ಭಾಗ್ಯಲಕ್ಷ್ಮಿಗೆ, "ನೀನು ಅಲ್ಲೇ ಮಂಚದ್ಮೇಲೆ ಕುಂತ್ಕ, ಸುಸ್ತಾಗಿರ್ತೀಯ" ಅಂದಳು. ಇವಳು ಎಂದೂ ಈ ಮನೆಯಲ್ಲಿ ಬಂದ ಕೂಡಲೇ ಕೂತವಳಲ್ಲ. ಸೆರಗು ಸಿಕ್ಕಿಸಿ ಒಲೆಯ ಕಡೆ ಹೋದರೆ ಪುಷ್ಪಾ ಕೈಯಿಂದ ಸೌಟು ಕಿತ್ತುಕೊಂಡಳು. "ಮೈಯಲ್ಲಿ ಸರಿಯಿಲ್ದೋಳು ನೀನ್ಯಾಕೆ, ಓಗು" ಅಂದಳು. ಸೌಮ್ಯಳಿಗೂ ಕನಕರಾಜುವಿಗೂ ಮೊದಲು ತಟ್ಟೆ ಇಟ್ಟ ಪುಷ್ಪಾ ತನಗೊಂದು ಲೋಟ ಕಾಫಿ ಮಾತ್ರ ಬಗ್ಗಿಸಿಕೊಂಡದ್ದನ್ನು ನೋಡಿ, ಯಾಕತ್ತಿಗೆ ಉಣ್ಣಲ್ವಾ ಎಂದು ಕೇಳಿದ್ದೇ ತಪ್ಪಾಯಿತು. ಉತ್ತರ ಕೊಟ್ಟವಳು ಅವ್ವ. "ಸನಿವಾರ ಒಪ್ಪತ್ತು ಮಾಡ್ತಾವ್ಳೆ ಕಣೇ. ಮುತ್ತತ್ತಿ ಆಂಜನೇಯಂಗೆ ಅರಕೆ ಕಟ್ಕಂಡವ್ಳೆ, ನಿಂಗೆ ವಾಸಿಯಾಗ್ಲಿ ಅಂತ."

ಭಾಗ್ಯಲಕ್ಷ್ಮಿ ಹೋಗಿ ಮಂಚದ ಮೇಲೆ ಕೂತಳು. ಅಣ್ಣ ಗೋಡೆಗೆ ಒರಗಿ ಕೂತಿದ್ದ. ನಿನ್ನೆ ತಾನೇ ಮಳವಳ್ಳಿಗೆ ಹೋಗಿ ಬಂದಿದ್ದರಿಂದ ಮುಖದ ಊತ ಇಳಿದು ಕೆನ್ನೆ ಜೋತಾಡುತ್ತಿತ್ತು. ಪಕ್ಕದಲ್ಲಿ ಅವನ ಇಡೀ ದಿನದ ನೀರಿನ ಬಾಟಲಿ, ಇಷ್ಟಕ್ಕಿಂತ ಹೆಚ್ಚು ಕುಡಿಯಬಾರದೆಂದು ಪೆನ್ನಿನಲ್ಲಿ ಗೆರೆ ಎಳೆದಿದ್ದ. ಅದರಿಂದ ಬಿರಡೆಯಲ್ಲಿ ಒಂದೇ ಗುಟುಕು ಬಗ್ಗಿಸಿಕೊಂಡು, ಕುಡಿಯದೆ, ಬಾಯಲ್ಲಿ ಇಟ್ಟುಕೊಂಡು, ಆಮೇಲೆ ನುಂಗಿದ. "ಇಂಗೇಯ ದಿನಾಲೂ" ಎಂದು ನಕ್ಕ. ನಕ್ಕದ್ದು ಭಾಗ್ಯಲಕ್ಷ್ಮಿಯನ್ನು ನೋಡಿ. ಅವಳು ಕಣ್ಣು ತೆಗೆದು ನೆಲ ನೋಡಿದಳು.

ಅವ್ವ ಎಲೆಯಡಿಕೆಯ ಚೀಲ ಬಿಚ್ಚಿಕೊಂಡು ನಡುವೆ ಕೂತಳು. "ಏಳೇ ಬಾಗ್ಯ, ಅದೇನೇನ್ ಮಾಡ್ತಾರೆ ಅಂತ ತಂಗಿಗೆ ಏಳು. ನೋಯಾಕಿಲ್ಲ ಅಂತ ಏಳು."

"ನೋಯಾಕಿಲ್ಲ" ಅಂದಳು ಭಾಗ್ಯಲಕ್ಷ್ಮಿ. "ರಕ್ತ ತಗೀತಾರೆ. ಸ್ಕ್ಯಾನ್ ಮಾಡ್ತಾರೆ. ಕೊನೇಗೆ ಒಬ್ರುನ್ನೇ ಒಂದು ರೂಮ್ಗೆ ಕರ್ಕಂಡೋಗಿ, ಬಾಗ್ಲಾಕಂಡು ಕೇಳ್ತಾರೆ."

"ಏನಂತ ಕೇಳ್ತಾರೆ?" ಅಂದಳು ಪುಷ್ಪಾ.

"ಕೊಡಾಕೆ ನಿಂಗೆ ಇಷ್ಟ ಐತಾ ಅಂತ."

ಅವ್ವ ಗಟ್ಟಿಯಾಗಿ ನಕ್ಕಳು. "ಇದೊಳ್ಳೆ ಸಂದಾಗದೆ! ಒಡುಟ್ಟಿದೋನ್ಗೆ ಕೊಡಾಕೆ ಇಷ್ಟ ಐತಾ ಅಂತ ಕೇಳ್ತಾರಾ! ನೀನೇನಂದೆ?"

"ಇಲ್ಲ ಅಂದೆ."

ನಗು ಅವ್ವನ ಮುಖದ ಮೇಲೆ ಇನ್ನೂ ಒಂದು ಗಳಿಗೆ ಇತ್ತು. ಹಿತ್ತಿಲಲ್ಲಿ ಕೋಳಿಯೊಂದು ಕೊಕ್ಕರಿಸುತ್ತಿತ್ತು. ಭಾಗ್ಯಲಕ್ಷ್ಮಿ ಅಣ್ಣನ ಕಡೆ ತಿರುಗಿದಳು, ನಿಲ್ಲಿಸಿದರೆ ಮತ್ತೆ ಶುರುವಾಗುವುದಿಲ್ಲ ಎಂಬ ಭಯದಲ್ಲಿ ಒಂದೇ ಉಸಿರಿಗೆ ಹೇಳಿದಳು. "ನಂದು ಎಲ್ಲಾ ಸರಿಯಾಗೇ ಇತ್ತು ಕಣಣ್ಣ. ರಕ್ತ, ಸ್ಕ್ಯಾನು, ಎಲ್ಲಾ ಕೂಡಿ ಬಂದಿತ್ತು. ನಾನೇ ಬ್ಯಾಡ ಅಂದೆ. ಅದಕ್ಕೇಯ ಅವ್ರು ಆಗಕಿಲ್ಲ ಅಂತ ಬರ್ಕೊಟ್ರು."

ಕನಕರಾಜು ಅವಳನ್ನೇ ನೋಡಿದ. "ಅಂಗಾರೆ ನಿಂಗೇನೂ ಕಾಯ್ಲೆ ಇಲ್ಲ ಅನ್ನು" ಅಂದ. ಆ ದನಿಯಲ್ಲಿ ಇದ್ದದ್ದು ಸಮಾಧಾನವೋ, ಹಂಗಿಸುವಿಕೆಯೋ ಅವಳಿಗೆ ಆಗಲೂ ತಿಳಿಯಲಿಲ್ಲ, ಆಮೇಲೂ ತಿಳಿಯಲಿಲ್ಲ.

"ಮೂರು ಸನಿವಾರ ನಾನು ಉಪಾಸ ಬಿದ್ದಿವ್ನಲ್ಲೇ ನಿನ್ನೆಸ್ರಲ್ಲಿ" ಎಂದು ಪುಷ್ಪಾ ಕಾಫಿ ಲೋಟವನ್ನು ನೆಲಕ್ಕೆ ಕುಕ್ಕಿದಳು. "ನಾಚ್ಕೆ ಆಗಕಿಲ್ವಾ ನಿಂಗೆ? ಇವ್ರು ನಿನ್ನ ನೆನ್ಸ್ಕಂಡು ಅಳ್ತಿದ್ರು, ನನ್ ಕಾಯ್ಲೆ ಆ ಮಗಿಗೂ ಅಂಟ್ತಾ ಅಂತ!" ಅವಳ ದನಿ ಒಡೆಯಿತು. ಎದ್ದು ಹಿತ್ತಿಲಿಗೆ ಹೋದಳು.

ಅವ್ವ ಹೋಗಲಿಲ್ಲ. ತೆವಳಿಕೊಂಡೇ ಮಂಚದ ಹತ್ತಿರ ಬಂದು ಮಗಳ ಎರಡೂ ಮೊಣಕಾಲನ್ನು ಹಿಡಿದುಕೊಂಡಳು. ಬೈಯುತ್ತಾಳೆ ಎಂದು ಭಾಗ್ಯಲಕ್ಷ್ಮಿ ಕಾದಿದ್ದಳು, ಬೈಗುಳಕ್ಕೆ ತಲೆ ಕೊಡುವುದು ಅವಳಿಗೆ ಗೊತ್ತಿತ್ತು. ಅವ್ವ ಮೆಲ್ಲಗೆ, ಸಣ್ಣ ಮಗುವಿಗೆ ಹೇಳುವ ಹಾಗೆ, "ಎದ್ರುಕಂಡಿದ್ದೆ ಬುಡು. ಆಗಿದ್ದಾಯ್ತು. ಯಾರೂ ಏನೂ ಅನ್ನಾಕಿಲ್ಲ. ಈಗ ಊಂ ಅನ್ನು. ಸೋಮಾರ ನೀನೇ ಓಗು. ಊಂ ಅನ್ನವ್ವ" ಅಂದಳು.

ಹೂಂ ಎನ್ನುವುದು ಎಷ್ಟು ಹತ್ತಿರದಲ್ಲಿತ್ತು! ತುಟಿ ಕೂಡ ಬಿಡಬೇಕಾಗಿರಲಿಲ್ಲ, ಮೂಗಿನಿಂದ ಒಂದು ಉಸಿರು ಸಾಕಾಗಿತ್ತು. ಈ ಮನೆ ಮತ್ತೆ ಅವಳದಾಗುತ್ತಿತ್ತು. ಮೊಣಕಾಲಿನ ಮೇಲೆ ಅವ್ವನ ಕೈ ಬಿಸಿಯಾಗಿತ್ತು, ಬೆರಳಿನ ತುದಿಯಲ್ಲಿ ಸುಣ್ಣ ಅಂಟಿತ್ತು. ಆ ಮೈಸೂರಿನ ಕೋಣೆಯಲ್ಲಿ ಬಾಗಿಲು ಮುಚ್ಚಿತ್ತು, ಎದುರಿಗೆ ಇದ್ದವರು ಗುರುತಿಲ್ಲದವರು, ಅಲ್ಲಿ ಆಡಿದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಇಲ್ಲಿ ಬಾಗಿಲು ತೆರೆದಿತ್ತು.

"ಇಲ್ಲ ಕಣವ್ವ" ಅಂದಳು.

"ಯಾಕೆ?"

"ಗೊತ್ತಿಲ್ಲ."

"ಅವ್ನ ಜೀವ ಓಯ್ತದೆ ಕಣೇ!"

"ಗೊತ್ತು. ಆದ್ರೂ ಆಗಕಿಲ್ಲ ಕಣವ್ವ ನನ್ ಕೈಲಿ." ಅವಳು ಅಳುತ್ತಿದ್ದಳು, ಆದರೆ ಮಾತು ನಡುಗಲಿಲ್ಲ. ಅವ್ವನ ಕೈ ಮೊಣಕಾಲಿನಿಂದ ನಿಧಾನವಾಗಿ ಜಾರಿತು. ಭಾಗ್ಯಲಕ್ಷ್ಮಿ ಬಸ್ಸಿನಲ್ಲಿ ಸಿದ್ಧ ಮಾಡಿಕೊಂಡು ಬಂದಿದ್ದ ಮಾತಿಗೆ ಕೈ ಚಾಚಿದಳು. "ಸೌಮ್ಯನ್ನೂ ಬುಟ್ಬುಡಿ. ಆ ಮಗಿಗೂ ಇಷ್ಟ ಇಲ್ಲ. ಬಾಯ್ಬುಟ್ಟು ಏಳಾಕಾಗ್ದೆ ಒದ್ದಾಡ್ತಾವ್ಳೆ. ಅದನ್ನ ನೋಡಾಕಾಗ್ದೇನೇ ನಾನು ಈಗ..."

"ಯಾರಕ್ಕ ಏಳಿದ್ದು ನಿಂಗೆ?"

ಸೌಮ್ಯ ತಟ್ಟೆಯ ಮುಂದೆ ಹಾಗೇ ಕೂತಿದ್ದಳು, ಕೈಯಲ್ಲಿ ಮುದ್ದೆ ಒಣಗುತ್ತಿತ್ತು. ಅವಳ ಮುಖದಲ್ಲಿ ಭಾಗ್ಯಲಕ್ಷ್ಮಿ ಎಂದೂ ನೋಡಿರದ ಒಂದು ಬಿಗಿ ಬಂದಿತ್ತು.

"ಬಸ್ಸಲ್ಲಿ ನೀನೇ..."

"ಎದ್ರಿಕೆ ಆಯ್ತದೆ ಅಂದೆ. ಎದ್ರಿಕೆ ಆದ್ರೆ ಇಷ್ಟ ಇಲ್ಲ ಅಂತನ? ನಮ್ಮತ್ತೆ ಎದ್ರು ನಿಂತ್ಕಂಡು, ಮಕ್ಳು ಆಮ್ಯಾಲೂ ಆಯ್ತವೆ, ಅಣ್ಣ ಆಮ್ಯಾಕೆ ಸಿಕ್ಕಾಕಿಲ್ಲ ಅಂತ ಜಗ್ಳ ಆಡಿ ಒಪ್ಸಿವ್ನಿ. ಎಂಟು ದಿನ ಆಯ್ತು ಅವ್ರು ನನ್ನ ಮಾತಾಡ್ಸಿ. ಕೊಡ್ತೀನಿ ಅನ್ನಾದು ನನ್ ಮಾತು. ನೀನು ಬ್ಯಾಡ ಅಂದ್ರೆ ಅದು ನಿನ್ತಾವೇ ಇಟ್ಕ. ನನ್ ತಲೆ ಮ್ಯಾಲೆ ಎತ್ತಾಕ್ಬ್ಯಾಡ."

ಸೊಂಟದ ಮೇಲೆ ಹೊತ್ತು ತಿರುಗಿದ ಮಗು ಹೀಗೆ ಮಾತಾಡುತ್ತಿತ್ತು. ಭಾಗ್ಯಲಕ್ಷ್ಮಿಗೆ ಮೊದಲು ಅವಮಾನವಾಯಿತು, ಕಿವಿ ಕಾದವು. ಆಮೇಲೆ, ತಾನು ತಂಗಿಯನ್ನು ಉಳಿಸಲು ಬಂದವಳಲ್ಲ, ತಂಗಿಯ ಹಿಂದೆ ಬಚ್ಚಿಟ್ಟುಕೊಳ್ಳಲು ಬಂದವಳು ಎಂಬುದು ನಿಧಾನವಾಗಿ, ಆದರೆ ಯಾವ ಅನುಮಾನಕ್ಕೂ ಎಡೆಯಿಲ್ಲದ ಹಾಗೆ ತಿಳಿಯಿತು. ಗಗನಳ ಹೆಸರು ಹಿಡಿದು ನೋಡಿದ್ದಳು, ಅವ್ವನ ಮೇಲಿನ ಸಿಟ್ಟು ಹಿಡಿದು ನೋಡಿದ್ದಳು, ಈಗ ಸೌಮ್ಯ. ಒಂದೊಂದಾಗಿ ಎಲ್ಲ ಕಳಚಿ ಹೋಗಿ, ಉಳಿದದ್ದು ಬರೀ ತನ್ನ ಮೈ, ಅದು ತನಗೆ ಇಡಿಯಾಗಿ ಬೇಕು ಎಂಬ ಆಸೆ. ಅದನ್ನು ಯಾರ ಮುಂದೆಯೂ ಇಟ್ಟು ಭೇಷ್ ಅನ್ನಿಸಿಕೊಳ್ಳುವಂತಿರಲಿಲ್ಲ. ಇಷ್ಟು ಬೆತ್ತಲೆಯಾದ ಆಸೆಯನ್ನು ಇಟ್ಟುಕೊಂಡು ಒಬ್ಬಳು ಹೇಗೆ ಬಾಳಬಹುದು, ನಾಳೆ ಬೆಳಿಗ್ಗೆ ಎದ್ದು ಹೇಗೆ ಮುಖ ತೊಳೆಯಬಹುದು ಎಂದು ಅವಳಿಗೆ ದಿಗಿಲಾಯಿತು. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಮಾತ್ರ ಅನಿಸಲಿಲ್ಲ. ಅದೇ ಅವಳನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸಿತು.

ಯಾರೂ ಉಣ್ಣು ಅನ್ನಲಿಲ್ಲ. ನಾಲ್ಕು ಗಂಟೆಗೆ ಅವಳು ಚೀಲ ತೆಗೆದುಕೊಂಡು ಎದ್ದಾಗ ಅವ್ವ ಗೋಡೆಯ ಕಡೆ ತಿರುಗಿ ಮಲಗಿದ್ದಳು. ಕನಕರಾಜು ಎದ್ದು ಎಕ್ಸೆಲ್ ಮೊಪೆಡ್ಡನ್ನು ಹೊರಗೆ ತಳ್ಳಿದ. "ಈ ಬಿಸ್ಲಲ್ಲಿ ನೀವ್ಯಾಕೆ?" ಎಂದು ಪುಷ್ಪಾ ಹಿತ್ತಿಲಿನಿಂದಲೇ ಕೂಗಿದಳು. ಅವನು ಗಾಡಿ ಹತ್ತಿ ಕೂತ. ಭಾಗ್ಯಲಕ್ಷ್ಮಿ ಹಿಂದೆ ಕೂತಳು, ಅವನ ಭುಜ ಹಿಡಿಯಲು ಕೈ ಹೋಗಿ, ಸೀಟಿನ ಕಂಬಿಯನ್ನು ಹಿಡಿಯಿತು. ಹಿಪ್ಪುನೇರಳೆ ತೋಟಗಳ ನಡುವಿನ ದಾರಿಯಲ್ಲಿ ಒಂದು ಕಡೆ ಗಾಡಿ ನಿಲ್ಲಿಸಿ, ಎರಡು ಕಾಲೂರಿ, ಅವನು ಏದುಸಿರು ಬಿಟ್ಟ. ಅವಳು ಇಳಿದು ನಿಂತಳು. ಉಸಿರು ಹದಕ್ಕೆ ಬಂದ ಮೇಲೆ ಮತ್ತೆ ಹತ್ತಿದಳು.

ಹಲಗೂರಿನ ಬಸ್‌ ಸ್ಟ್ಯಾಂಡಿನಲ್ಲಿ ಮಳವಳ್ಳಿಯ ಬಸ್ಸು ನಿಂತಿತ್ತು, ಡ್ರೈವರು ಟೀ ಅಂಗಡಿಯ ಮುಂದೆ ಇದ್ದ. ಕನಕರಾಜು ಗಾಡಿಯಿಂದ ಇಳಿಯಲಿಲ್ಲ.

"ಸೌಮ್ಯನ್ನ ನಾನೇ ಬ್ಯಾಡ ಅಂತೀನಿ ಅನ್ಕಂಡಿದ್ಯಾ?" ಅಂದ.

ಅವಳು ಹಾಗೆ ಅಂದುಕೊಂಡಿದ್ದಳು. ಅಣ್ಣ ದೊಡ್ಡ ಮನಸ್ಸಿನವನು, ಯಾರದೂ ಬೇಡ ಅಂದುಬಿಡುತ್ತಾನೆ, ಆಗ ಎಲ್ಲ ಮುಗಿಯುತ್ತದೆ ಎಂದು ಮನಸ್ಸಿನ ಒಂದು ಮೂಲೆಯಲ್ಲಿ ಕಾದಿದ್ದಳು.

"ಅನ್ನಾಕಿಲ್ಲ. ಅವ್ಳು ಕೊಟ್ರೆ ಈಸ್ಕತೀನಿ. ನಂಗೆ ಬದುಕ್ಬೇಕು ಕಣೇ ಬಾಗ್ಯ." ಹೇಳುವಾಗ ಅವನ ಕತ್ತಿನ ನರ ಉಬ್ಬಿತ್ತು. ತಪ್ಪೊಪ್ಪಿಕೊಳ್ಳುವವನ ಹಾಗೂ ಇದ್ದ, ಜಗಳಕ್ಕೆ ನಿಂತವನ ಹಾಗೂ ಇದ್ದ. "ಅವ್ಳಿಗೆ ಮಕ್ಳಿಲ್ಲ, ಅವ್ಳ ಅತ್ತೆ ಬೈತಾಳೆ, ಎಲ್ಲಾ ನಂಗೊತ್ತು. ಆದ್ರೂ ಬೇಕು."

"ಊಂ" ಅಂದಳು ಅವಳು. ಆ ಮಾತಿಗೆ ಅರ್ಥವಾಯಿತು ಎಂದಷ್ಟೇ ಅರ್ಥವಿತ್ತು. ಡ್ರೈವರು ಬಂದು ಹಾರನ್ ಹೊಡೆದ. ಅಭ್ಯಾಸಬಲದಿಂದ, "ಬತ್ತೀನಿ ಕಣಣ್ಣ" ಅಂದಳು.

"ಬರ್ಬ್ಯಾಡ."

ಅವಳು ನಿಂತಳು.

"ಒಸಿ ದಿನ ಬರ್ಬ್ಯಾಡ. ಇವತ್ತು ಸಿಟ್ಟು ಬಂದಿಲ್ಲ ನಂಗೆ. ನಾಳೀಕೆ ಬತ್ತದೆ, ಆಗ ನೀನು ಎದ್ರಿಗಿರ್ಬ್ಯಾಡ. ಸಿಟ್ಟು ಓದ್ಮೇಲೆ ನಾನೇ ಫೋನ್ ಮಾಡ್ತೀನಿ. ಮಾಡ್ದೇನೂ ಇರ್ಬೋದು."

ಅಣ್ಣ ಅದನ್ನು ಅವಳ ಕಣ್ಣನ್ನೇ ನೋಡಿ ಹೇಳಿದ. ಬೇಡ ಎಂಬ ಮಾತು ಎದುರಿನಿಂದ ಬಂದು ತಗುಲಿದರೆ ಎಷ್ಟು ನೋಯುತ್ತದೆ ಎಂದು ಅವಳಿಗೆ ಎದೆಯ ನಡುವೆ ತಿಳಿಯಿತು. ಆದರೂ, ಮೂರು ವಾರದಿಂದ ಅವನು ಆಡಿದ್ದ ಒಳ್ಳೆಯ ಮಾತುಗಳೆಲ್ಲ ಇನ್ಯಾರಿಗೋ ಆಡಿದವು, ಇದೊಂದು ಮಾತ್ರ ತನಗೇ ಆಡಿದ್ದು ಎಂದೂ ಅನಿಸಿತು. ಬಸ್ಸು ಹತ್ತಿದಳು. ಖಾಲಿ ಸೀಟುಗಳಿದ್ದವು. ಕಿಟಕಿಯಿಂದ ನೋಡಿದರೆ ಅವನು ಗಾಡಿ ಒದೆಯುತ್ತಿದ್ದ. ಹತ್ತಿಕೊಳ್ಳಲಿಲ್ಲ. ಎರಡನೆಯ ಸಲವೂ ಇಲ್ಲ. ಮೂರನೆಯ ಸಲ ಒದ್ದು, ಹ್ಯಾಂಡಲಿನ ಮೇಲೆ ತಲೆಯಿಟ್ಟು ಉಸಿರು ತೆಗೆದುಕೊಂಡ. ಇಳಿದು ಹೋಗಿ ತಳ್ಳಿಕೊಡಬೇಕೆಂದು ಅವಳ ಕಾಲು ತಾನಾಗಿ ಎದ್ದಿತು. ಮುಂದಿನ ಸೀಟಿನ ಕಂಬಿಯನ್ನು ಎರಡು ಕೈಯಲ್ಲೂ ಬಿಗಿಯಾಗಿ ಹಿಡಿದು ಕೂತಳು. ನಾಲ್ಕನೆಯ ಒದೆತಕ್ಕೆ ಗಾಡಿ ಹತ್ತಿಕೊಂಡಿತು. ಅವನು ಬಸ್ಸಿನ ಕಡೆ ನೋಡದೆ ಊರಿನ ದಾರಿಗೆ ತಿರುಗಿಸಿದ.